ಪೆನಾಂಗಿಗೆ ಹೊರಟ ನಾಲ್ವರು

ಶಿಡ್ಲಘಟ್ಟದಿಂದ ಬಂಗಾರಪೇಟೆಗೆ ಹೋಗುವ ಸಣ್ಣ ರೈಲು ಆ ದಿನ ಮುಕ್ಕಾಲು ಗಂಟೆ ತಡವಾಗಿ ಬಂತು. ಐವತ್ತರ ದಶಕದ ಮೊದಲ ವರ್ಷಗಳು. ಚಳಿ ಮುಗಿದು ಬಿಸಿಲು ಏರುತ್ತಿದ್ದ ಕಾಲ. ನಾವು ಹೊರಟಿದ್ದು ನಾಲ್ಕು ಜನ: ನಾನು, ನನ್ನ ಹೆಂಡತಿ ಜಯ, ನಾಲ್ಕು ವರ್ಷದ ಮಗಳು ಕಮಲ, ಮತ್ತು ನನ್ನ ಅಕ್ಕ ಲಕ್ಷ್ಮಕ್ಕ. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಗೋಣಿಯಲ್ಲಿ ಕಟ್ಟಿದ ಹಿತ್ತಾಳೆ ಪಾತ್ರೆಗಳು. ನಾವು ಹೋಗಬೇಕಾಗಿದ್ದ ಊರು ಮಲಯ ದೇಶದ ಪೆನಾಂಗು. ಅಲ್ಲಿ ಒಂದು ತಿಂಡಿ ಅಂಗಡಿ ಇಡುವುದು ನಮ್ಮ ಉದ್ದೇಶ.

ಈ ಯೋಚನೆ ಹುಟ್ಟಿದ್ದು ಚಿಂತಾಮಣಿಯ ರಾಮಚಂದ್ರನ ಕಾಗದದಿಂದ. ಅವನು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಪೆನಾಂಗಿನ ಬಂದರಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. 'ಇಲ್ಲಿ ನಮ್ಮ ಕಡೆಯ ತಿಂಡಿ ಮಾಡುವವರು ಯಾರೂ ಇಲ್ಲ. ಬಂದರಿನ ಹತ್ತಿರ ಒಬ್ಬ ಚೀನೀಯನ ಮಳಿಗೆ ಖಾಲಿಯಾಗುತ್ತಿದೆ, ಬರುವ ತಿಂಗಳ ಒಂದನೇ ತಾರೀಖಿನೊಳಗೆ ಬಂದರೆ ನಿನಗೆ ಕೊಡಿಸುತ್ತೇನೆ' ಎಂದು ಬರೆದಿದ್ದ. ನಾನಾಗ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಇನ್ನೊಬ್ಬರ ಗದ್ದುಗೆಯ ಪಕ್ಕ ಕೂತು ತಲೆ ಬಗ್ಗಿಸಿ ಬರೆಯುವುದು ಸಾಕಾಗಿತ್ತು.

ಆದರೆ ಅಡಿಗೆಯ ಕೈ ನನ್ನದಲ್ಲ, ಜಯಳದ್ದೂ ಅಲ್ಲ. ಅದು ಅಕ್ಕನದು. ಹದಿನಾರನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಮ್ಮ ಹೋದಾಗ ನನಗೆ ಐದು ವರ್ಷ; ಅಲ್ಲಿಂದ ಮುಂದೆ ನನ್ನನ್ನು ಬೆಳೆಸಿದ್ದು ಅವಳೇ. ನನ್ನನ್ನು ಓದಿಸಲೆಂದು ಕೆಂಚಾರ್ಲಹಳ್ಳಿಯ ಮನೆ ಬಿಟ್ಟು ಶಿಡ್ಲಘಟ್ಟಕ್ಕೆ ಬಂದು, ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ರೈತರಿಗೆ ನಿಪ್ಪಟ್ಟು, ಚಕ್ಕುಲಿ, ಉಪ್ಪಿಟ್ಟು ಮಾಡಿ ಮಾರಿದಳು. ಅವಳ ನಿಪ್ಪಟ್ಟಿಗೆಂದೇ ಗೌರಿಬಿದನೂರಿನ ಕಡೆಯವರೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ಸಮುದ್ರ ದಾಟುವ ಮಾತೆತ್ತಿದಾಗ ಅವಳು ಒಪ್ಪಲಿಲ್ಲ.

"ನಾನ್ಯಾಕಪ್ಪ ಅಷ್ಟು ದೂರ? ನೀವು ಹೋಗ್ಬನ್ನಿ. ನಾನು ಅಣ್ಣನ ಮನೇಲಿ ಇರ್ತೀನಿ" ಅಂದಳು.

"ನೀನಿಲ್ದೆ ಅಂಗಡಿ ಎಲ್ಲಿ ನಡೀತದೆ ಅಕ್ಕ? ನೀನು ಬರಲ್ಲ ಅಂದ್ರೆ ನಾನೂ ಹೋಗಲ್ಲ" ಅಂದೆ. ಅವಳು ಹೇಗೆ ಒಪ್ಪುತ್ತಾಳೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ಅವಳು ಒಪ್ಪಿದಳು.

ಸಣ್ಣ ರೈಲಿನಲ್ಲಿ ತಲೆಗೆ ಒಂದೂವರೆ ರೂಪಾಯಿಯೊಳಗೆ ಬಂಗಾರಪೇಟೆ ತಲುಪಬಹುದಾಗಿತ್ತು. ಹೊತ್ತು ಮಾತ್ರ ಅರ್ಧ ದಿನ. ಚಿಂತಾಮಣಿ ಸ್ಟೇಷನ್ನಿಗೆ ನಮ್ಮ ಅಣ್ಣ ಬಂದಿದ್ದ. ಕೆಂಚಾರ್ಲಹಳ್ಳಿಯಲ್ಲಿ ಹೊಲ, ಹಿಪ್ಪುನೇರಳೆ ತೋಟ ನೋಡಿಕೊಂಡಿದ್ದ ಅವನು ಹೆಚ್ಚು ಮಾತಿನವನಲ್ಲ. ಕಿಟಕಿಯಲ್ಲಿ ಒಂದು ಬುಟ್ಟಿ ಸೀಬೆಹಣ್ಣು ಕೊಟ್ಟು, "ಲಕ್ಷ್ಮೀ, ಹುಷಾರಮ್ಮ" ಅಂದ. ನನ್ನ ಕಡೆ ತಿರುಗಿ, "ಅವಳನ್ನ ನೋಡ್ಕೊಳ್ಳೋ" ಅಂದ. ರೈಲು ಹೊರಟ ಮೇಲೆ ಅಂಬಾಜಿದುರ್ಗದ ಬೆಟ್ಟ ಕಾಣುವಷ್ಟು ಹೊತ್ತೂ ಅಕ್ಕ ಕಿಟಕಿ ಬಿಟ್ಟು ಕದಲಲಿಲ್ಲ.

ಬಂಗಾರಪೇಟೆಯಲ್ಲಿ ದೊಡ್ಡ ರೈಲು ಹತ್ತಿ ಮದರಾಸು ಸೇರಿದೆವು. ಬಂದರಿಗೆ ಸಮೀಪದ ಒಂದು ಛತ್ರದಲ್ಲಿ ಐದು ದಿನ ಕಾಯಬೇಕಾಯಿತು. ಸಿಡುಬಿನ ಲಸಿಕೆ, ಕಾಲರಾ ಚುಚ್ಚುಮದ್ದು, ಅದಕ್ಕೊಂದು ಚೀಟಿ, ಆ ಚೀಟಿಗೊಂದು ಮೊಹರು. ಮದರಾಸಿನ ಸೆಕೆಗೆ ಬೆವರಿ ಮೈಮೇಲಿನ ಬಟ್ಟೆ ಒಣಗುವುದೇ ಇಲ್ಲ. ಛತ್ರದ ನೀರು ಉಪ್ಪುಪ್ಪು. ಕಮಲ ಮಾತ್ರ ಹಡಗಿನ ಕೂಗು ಕೇಳಿದಾಗೆಲ್ಲ ಕುಣಿಯುತ್ತಿದ್ದಳು.

ಹಡಗು ಹತ್ತುವ ಹಿಂದಿನ ದಿನ ಅಕ್ಕನಿಗೆ ಕೆಮ್ಮು ಶುರುವಾಯಿತು. ಬೆಳಗಾಗುವಾಗ ಮೈ ಬೆಂಕಿಯಂತೆ ಸುಡುತ್ತಿತ್ತು. ಜಯ ನನ್ನನ್ನು ಪಕ್ಕಕ್ಕೆ ಕರೆದಳು.

"ರೀ, ಅಕ್ಕನ್ನ ಹೀಗೆ ಕರ್ಕೊಂಡು ಹೋಗೋದು ಬೇಡ. ಮುಂದಿನ ಹಡಗಿಗೆ ಹೋಗಣ."

"ಮುಂದಿನ ಹಡಗು ಹದಿನೈದು ದಿನಕ್ಕೆ. ಅಷ್ಟರಲ್ಲಿ ಮಳಿಗೆ ಬೇರೆಯವರ ಪಾಲಾಗ್ತದೆ."

"ಆದ್ರೆ ಆಗ್ಲಿ."

"ಚುಚ್ಚುಮದ್ದಿನ ಜ್ವರ ಕಣೇ. ಎರಡು ದಿನಕ್ಕೆ ಇಳೀತದೆ" ಅಂದೆ. ಹಾಗೆಂದು ನಂಬಿದ್ದೆನೋ, ನಂಬಬೇಕೆಂದುಕೊಂಡಿದ್ದೆನೋ, ಇವತ್ತಿಗೂ ನನಗೆ ತಿಳಿಯದು. ಬಂದರಿನ ಬಾಗಿಲಲ್ಲಿ ಡಾಕ್ಟರು ಪ್ರತಿಯೊಬ್ಬರನ್ನೂ ನೋಡಿ ಬಿಡುತ್ತಾರೆ, ಜ್ವರವಿದ್ದವರನ್ನು ಹಿಂದಕ್ಕೆ ಕಳಿಸುತ್ತಾರೆ ಎಂದು ಛತ್ರದಲ್ಲಿ ಹೇಳಿದ್ದರು. ನಾನು ಬೀದಿಗೆ ಹೋಗಿ ಜ್ವರದ ಮಾತ್ರೆ ತಂದೆ. ಅಕ್ಕನ ಕೈಗೆ ಎರಡು ಮಾತ್ರೆ ಇಟ್ಟು, "ಇದನ್ನ ನುಂಗು. ಡಾಕ್ಟ್ರು ನೋಡೋ ಹೊತ್ತಿಗೆ ಮೈ ತಣ್ಣಗಾಗಿರ್ತದೆ" ಅಂದೆ.

ಅವಳು ಮಾತ್ರೆಯನ್ನೂ ನನ್ನ ಮುಖವನ್ನೂ ನೋಡಿದಳು. "ನಿನ್ನ ಮನಸ್ಸಿಗೆ ಬಂದಂಗೆ ಆಗ್ಲಪ್ಪ" ಎಂದು ನುಂಗಿ ನೀರು ಕುಡಿದಳು.

ಸಾಲಿನಲ್ಲಿ ಎರಡು ಗಂಟೆ ನಿಂತ ಮೇಲೆ ನಮ್ಮ ಸರದಿ ಬಂತು. ಡಾಕ್ಟರು ವಯಸ್ಸಾದವರು. ಕಣ್ಣು, ನಾಲಿಗೆ ನೋಡಿ, ಅಕ್ಕನ ಮಣಿಕಟ್ಟು ಹಿಡಿದು ಸ್ವಲ್ಪ ತಡೆದರು. ಮಾತ್ರೆಗೆ ಬೆವರಿ ಅವಳ ಮೈ ತಣ್ಣಗಿತ್ತು. "ಜ್ವರ ಏನಾದರೂ ಇತ್ತೇನಮ್ಮ?" ಎಂದು ತಮಿಳಿನಲ್ಲಿ ಕೇಳಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಮುಂದೆ ಬಂದು, "ಇಲ್ಲ ಸಾರ್, ಏನೂ ಇಲ್ಲ" ಅಂದೆ. ಅವರು ಚೀಟಿಗೆ ಮೊಹರು ಒತ್ತಿದರು.

ನಮ್ಮದು ಡೆಕ್ಕಿನ ಟಿಕೆಟ್ಟು. ಡೆಕ್ಕು ಎಂದರೆ ಹಡಗಿನ ತೆರೆದ ಅಂಗಳ. ಮೇಲೆ ಕ್ಯಾನ್ವಾಸಿನ ಚಪ್ಪರ, ಕೆಳಗೆ ಹಲಗೆ. ಮೊದಲು ಬಂದವರು ಚಾಪೆ ಹಾಸಿದಷ್ಟು ಜಾಗ ಅವರದು. ಗಾಳಿ ಕಡಿಮೆ ಇದ್ದ ಒಂದು ಮೂಲೆ ಹಿಡಿದು ಅಕ್ಕನನ್ನು ಮಲಗಿಸಿದೆವು. ಹೊತ್ತಿಗೆ ಸರಿಯಾಗಿ ಅನ್ನ, ನೀರುನೀರಾದ ಸಾಂಬಾರು ಕೊಡುತ್ತಿದ್ದರು. ಮಾರನೆಯ ದಿನ ನಾಗಪಟ್ಟಣದಲ್ಲಿ ಹಡಗು ನಿಂತು ಇನ್ನಷ್ಟು ಜನರನ್ನೂ ಈರುಳ್ಳಿ ಮೂಟೆಗಳನ್ನೂ ತುಂಬಿಕೊಂಡಿತು. ಅಲ್ಲಿಂದಾಚೆಗೆ ನೆಲ ಕಾಣಲಿಲ್ಲ.

ಆ ದಿನ ಅಕ್ಕ ಎದ್ದು ಕೂತು ಕಮಲಳಿಗೆ ಜಡೆ ಹಾಕಿದಳು. ಅಂಗಡಿಯ ಮಾತನ್ನೂ ಆಡಿದಳು. "ಅಲ್ಲಿ ಅಕ್ಕಿ ಯಾವ ಥರದ್ದೋ ಏನೋ. ಮೊದ್ಲು ಒಂದು ಸೇರು ಹಿಟ್ಟು ಮಾಡಿ ನೋಡ್ಬೇಕು. ಜಯಾ, ನೀನು ಪಕ್ಕದಲ್ಲೇ ನಿಂತ್ಕೊಂಡು ಕಲ್ತ್ಕೋ ಕಣಮ್ಮ" ಅಂದಳು. ನಾನು ಜಯಳ ಕಡೆ ನೋಡಿ, ಹೇಳಲಿಲ್ಲವೇ ಎಂಬಂತೆ ನಕ್ಕೆ. ಜಯ ನಗಲಿಲ್ಲ.

ಮೂರನೆಯ ದಿನ ಜ್ವರ ಮತ್ತೆ ಏರಿತು. ಪಕ್ಕದ ಚಾಪೆಯಲ್ಲಿ ನೆಲ್ಲೂರಿನ ಕಡೆಯ ಒಬ್ಬ ಅಜ್ಜಿ ಇದ್ದಳು. ಅಕ್ಕ ಅವಳ ಜೊತೆ ತೆಲುಗಿನಲ್ಲಿ ಕಷ್ಟಸುಖ ಹೇಳಿಕೊಂಡಿದ್ದಳು. ಆ ಅಜ್ಜಿಯೇ ನನ್ನನ್ನು ಕೂಗಿ, "ಒಳ್ಳು ಕಾಲಿಪೋತೋಂದಿ ನಾಯನಾ" ಅಂದಳು, ಮೈ ಸುಟ್ಟುಹೋಗುತ್ತಿದೆ ಎಂದು. ಹಡಗಿನ ಡಾಕ್ಟರನ್ನು ಕರೆತಂದೆ. ಅವನು ಎದೆಗೆ ಕೊಳವೆ ಇಟ್ಟು ಕೇಳಿ, ಎರಡೂ ಕಡೆ ನ್ಯುಮೋನಿಯ ಆಗಿದೆ ಎಂದ. "ಎಷ್ಟು ದಿನದಿಂದ ಜ್ವರ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಜಯ, "ಹಡಗು ಹತ್ತೋಕೆ ಮುಂಚಿನಿಂದ" ಅಂದಳು. ಅವನು ನನ್ನನ್ನೊಮ್ಮೆ ನೋಡಿ, ಚುಚ್ಚುಮದ್ದು ಕೊಟ್ಟು ಹೋದ.

ಐದನೆಯ ದಿನ ಬೆಳಿಗ್ಗೆ ಅಕ್ಕನಿಗೆ ಸ್ವಲ್ಪ ಎಚ್ಚರವಿತ್ತು. ನಾನು ತಲೆಯ ಹತ್ತಿರ ಕೂತಿದ್ದೆ. "ಅಕ್ಕ, ತಪ್ಪು ಮಾಡ್ದೆ" ಅಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. "ಮಗೂಗೆ ಬಿಸ್ಲು ಹೊಡೀತದೆ, ಈಚೆ ಕರ್ಕೋ" ಅಂದಳು. ಕಮಲ ಕಂಬಿಯ ಹತ್ತಿರ ನಿಂತು ಹಾರುವ ಮೀನು ನೋಡುತ್ತಿದ್ದಳು. ನಾನು ಎದ್ದುಹೋಗಿ ಅವಳನ್ನು ಎತ್ತಿಕೊಂಡು ಬರುವಷ್ಟರಲ್ಲಿ ಜಯ ಅಕ್ಕನ ಕೈ ಹಿಡಿದು ಅಳುತ್ತಿದ್ದಳು.

ಹಡಗಿನಲ್ಲಿ ಹೆಣ ಇಟ್ಟುಕೊಳ್ಳುವುದಿಲ್ಲ. ಪೆನಾಂಗು ಇನ್ನೂ ಎರಡು ದಿನದ ದಾರಿ. ಅಲ್ಲಿಯವರೆಗೆ ಇಟ್ಟುಕೊಳ್ಳಿ, ನಾನು ಬೆಂಕಿ ಕೊಡಬೇಕು ಎಂದು ಅಧಿಕಾರಿಯ ಕಾಲು ಹಿಡಿದೆ. ಅವನು ಕೆಟ್ಟವನಲ್ಲ. ಆದರೂ ತಲೆ ಅಲ್ಲಾಡಿಸಿದ. ನೆಲ್ಲೂರಿನ ಅಜ್ಜಿಯೂ ಜಯಳೂ ಚಾಪೆಗಳನ್ನು ಮರೆ ಮಾಡಿ ಅಕ್ಕನಿಗೆ ಮೈ ತೊಳೆದು, ಅವಳ ಟ್ರಂಕಿನಲ್ಲಿದ್ದ ಹೊಸ ಸೀರೆ ಉಡಿಸಿದರು. ಅಂಗಡಿ ತೆರೆಯುವ ದಿನ ಉಡುವುದಕ್ಕೆಂದು ತಂದಿದ್ದ ಸೀರೆ. ಖಲಾಸಿಗಳು ಕ್ಯಾನ್ವಾಸಿನಲ್ಲಿ ಸುತ್ತಿ ಹೊಲಿದು, ಕಾಲಿನ ಕಡೆ ಕಬ್ಬಿಣ ಕಟ್ಟಿದರು. ಡೆಕ್ಕಿನಲ್ಲಿದ್ದ ಒಬ್ಬ ತಮಿಳು ಬ್ರಾಹ್ಮಣರು ತಮಗೆ ಬಂದಷ್ಟು ಮಂತ್ರ ಹೇಳಿದರು. ನಾಲ್ಕು ಅಕ್ಕಿ ಕಾಳು ಬಾಯಿಗೆ ಹಾಕುವುದಕ್ಕೂ ಆಗಲಿಲ್ಲ, ಅಷ್ಟರಲ್ಲಿ ಹೊಲಿದಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಹಡಗು ನಿಂತಿತು. ನಾಗಪಟ್ಟಣ ಬಿಟ್ಟಾಗಿನಿಂದ ಕಿವಿಯಲ್ಲಿದ್ದ ಎಂಜಿನ್ನಿನ ಸದ್ದು ನಿಂತಾಗ ಡೆಕ್ಕಿನ ಜನವೆಲ್ಲ ಎದ್ದು ನಿಂತರು. ಅವಳನ್ನು ಮಲಗಿಸಿದ್ದ ಹಲಗೆಯನ್ನು ಕಂಬಿಯಾಚೆ ವಾಲಿಸಿದರು. ನೀರಿನ ಸದ್ದೂ ಸರಿಯಾಗಿ ಕೇಳಿಸಲಿಲ್ಲ. ಐದು ನಿಮಿಷಕ್ಕೆ ಎಂಜಿನ್ನು ಮತ್ತೆ ಶುರುವಾಯಿತು. "ಅತ್ತೆ ಈಜ್ಕೊಂಡು ಬರ್ತಾಳಾ?" ಎಂದು ಕಮಲ ಕೇಳಿದಳು.

ಪೆನಾಂಗಿನ ಕಟ್ಟೆಯ ಮೇಲೆ ರಾಮಚಂದ್ರ ಬಿಳಿ ಷರಾಯಿ, ಟೋಪಿ ಹಾಕಿಕೊಂಡು ಕೈ ಬೀಸುತ್ತಿದ್ದ. ನಮ್ಮನ್ನು ಎಣಿಸಿ, "ಅಕ್ಕ ಎಲ್ಲೋ?" ಅಂದ. ಜಯ ಹೇಳಿದಳು. ಅವನು ಅಲ್ಲೇ ಒಂದು ಮೂಟೆಯ ಮೇಲೆ ಕೂತುಬಿಟ್ಟ.

ಮಳಿಗೆ ಅವನು ಬರೆದಂತೆಯೇ ಇತ್ತು. ಅಗಲ ಕಡಿಮೆ, ಉದ್ದ ಹೆಚ್ಚು. ಮುಂದುಗಡೆ ಬಂದರಿನ ಕೂಲಿಗಳು, ಕೈಗಾಡಿಗಳು. ಅಕ್ಕನಿಗೆ ಮಂಡಿನೋವು, ನೆಲದಲ್ಲಿ ಕೂತು ಬೇಯಿಸಲು ಆಗದು ಎಂದು ನಾನು ಹಿಂದೆ ಬರೆದಿದ್ದೆ. ಅದಕ್ಕೆ ಅವನು ನಿಂತು ಅಡಿಗೆ ಮಾಡುವಂತೆ ಎತ್ತರದ ಒಲೆ ಕಟ್ಟಿಸಿ, ಸುಣ್ಣ ಬಳಿಸಿ ಇಟ್ಟಿದ್ದ. ಅಕ್ಕ ಎತ್ತರದ ಹೆಂಗಸು. ಜಯ ಕುಳ್ಳಿ. ಮೊದಲ ದಿನವೇ ಒಲೆಯ ಮುಂದೆ ಒಂದು ಹಲಗೆ ಹಾಕಿಕೊಂಡು ಅದರ ಮೇಲೆ ನಿಂತಳು.

ಹತ್ತು ದಿನ ಸೂತಕ ಕಳೆದು ಹನ್ನೆರಡನೆಯ ದಿನಕ್ಕೆ ಅಂಗಡಿ ತೆರೆದೆವು. ಮೊದಲ ವಾರದ ನಿಪ್ಪಟ್ಟು ಎಣ್ಣೆಯಲ್ಲೇ ಒಡೆದು ಪುಡಿಯಾಯಿತು. ಜಯ ಅದನ್ನು ಬಾಚಿ ಎಸೆದು ಮತ್ತೆ ಹಿಟ್ಟು ಕಲಸುತ್ತಿದ್ದಳು. ನನ್ನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತು: ಸೌದೆ ಇಲ್ಲ, ಉಪ್ಪು ತನ್ನಿ. ಹೀಗೆ ನಾಲ್ಕು ತಿಂಗಳು. ಉಪ್ಪಿಟ್ಟು, ಕಾಫಿ ನಮ್ಮನ್ನು ಉಳಿಸಿದವು. ಬಂದರಿನ ತಮಿಳು ಗುಮಾಸ್ತರು, ಒಬ್ಬಿಬ್ಬರು ಚೀನೀಯರು ದಿನವೂ ಬರತೊಡಗಿದರು. ಅಂಗಡಿ ನಿಂತಿತು. ಅದು ನಿಂತದ್ದಕ್ಕೆ ಸಂತೋಷಪಡುವ ಮನಸ್ಸು ಮಾತ್ರ ನಮ್ಮಿಬ್ಬರಿಗೂ ಇರಲಿಲ್ಲ.

ಅಣ್ಣನಿಗೆ ಕಾಗದ ಬರೆದೆ. ಹಡಗು ಹತ್ತುವಾಗ ಚೆನ್ನಾಗಿಯೇ ಇದ್ದಳು, ನಡುಸಮುದ್ರದಲ್ಲಿ ಇದ್ದಕ್ಕಿದ್ದಂತೆ ಜ್ವರ ಬಂತು ಎಂದು ಬರೆದೆ. ಒಂದು ತಿಂಗಳ ಮೇಲೆ ಉತ್ತರ ಬಂತು. 'ಸಮುದ್ರದಲ್ಲಿ ಯಾವ ಜಾಗ ಅಂತ ವಿಚಾರಿಸಿ ಬರಿ' ಎಂದಷ್ಟೇ ಇತ್ತು. ಅದೇ ಹಡಗು ಮತ್ತೆ ಪೆನಾಂಗಿಗೆ ಬಂದಾಗ ಹೋಗಿ ಕೇಳಿದೆ. ಒಬ್ಬ ಅಧಿಕಾರಿ ದೊಡ್ಡ ಪುಸ್ತಕ ತೆಗೆದು, ಅಕ್ಷಾಂಶ ರೇಖಾಂಶದ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟ. ಅದನ್ನೇ ಅಣ್ಣನಿಗೆ ಕಳಿಸಿದೆ.

ಆರು ವರ್ಷದ ಮೇಲೆ ನಾವು ಮೂವರು ಊರಿಗೆ ಬಂದೆವು. ಕೆಂಚಾರ್ಲಹಳ್ಳಿಗೆ ಹೋದ ಮಾರನೆಯ ಬೆಳಿಗ್ಗೆ ಅಣ್ಣ, "ಬಾ" ಎಂದು ಊರ ಶಾಲೆಗೆ ಕರೆದುಕೊಂಡು ಹೋದ. ರಜೆಯ ದಿನ, ಮಕ್ಕಳಿರಲಿಲ್ಲ. ಗೋಡೆಯ ಮೇಲೆ ಏಷ್ಯಾ ಖಂಡದ ಬಟ್ಟೆಯ ನಕ್ಷೆ ತೂಗುಹಾಕಿತ್ತು. ಬಂಗಾಳ ಕೊಲ್ಲಿಯ ನೀಲಿಯ ಮೇಲೆ ಇಂಕಿನ ಒಂದು ಚುಕ್ಕೆ.

"ಮೇಷ್ಟ್ರು ಆ ಅಂಕಿ ನೋಡಿ ಇಟ್ಟುಕೊಟ್ರು. ವರ್ಷಕ್ಕೊಂದ್ಸಲ ಬಂದು ಇಲ್ಲೇ ಹೂವ ಇಟ್ಟು ಹೋಗ್ತೀನಿ" ಅಂದ.

ಅಲ್ಲಿ ಎಲ್ಲವನ್ನೂ ಹೇಳಿದೆ. ಮಾತ್ರೆ, ಡಾಕ್ಟರು ಕೇಳಿದ್ದು, ನಾನು ಇಲ್ಲ ಅಂದದ್ದು. ಅಣ್ಣ ನಕ್ಷೆಯ ಕಡೆಗೇ ಮುಖ ಮಾಡಿ ಕೇಳಿದ. ಮುಗಿದ ಮೇಲೆ, "ಅವಳೇನಂದ್ಲು?" ಅಂದ.

"ನಿನ್ನ ಮನಸ್ಸಿಗೆ ಬಂದಂಗೆ ಆಗ್ಲಿ ಅಂದ್ಲು."

ಅವನು ಮೇಲುವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಆಮೇಲೆ ಇದ್ದ ಇಪ್ಪತ್ತು ದಿನದಲ್ಲಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಜಯಳನ್ನು, ಕಮಲಳನ್ನು ಮಾತಾಡಿಸುತ್ತಿದ್ದ. ನನ್ನ ಎಲೆಗೂ ಅವನೇ ತುಪ್ಪ ಬಡಿಸುತ್ತಿದ್ದ. ಮುಖ ಮಾತ್ರ ನೋಡುತ್ತಿರಲಿಲ್ಲ.

ಹೊರಡುವ ದಿನ ಚಿಂತಾಮಣಿ ಸ್ಟೇಷನ್ನಿಗೆ ಗಾಡಿ ಕಟ್ಟಿಕೊಂಡು ಬಂದ. ಸಾಮಾನು ಹತ್ತಿಸಿದ, ಕಮಲಳ ತಲೆ ಸವರಿದ. ಸೀಟಿ ಆಯಿತು, ರೈಲು ಕದಲಿತು. ಸಣ್ಣ ರೈಲು, ನಡೆಯುವವರ ಜೊತೆಯೇ ಹೋಗುತ್ತದೆ. ಅಣ್ಣ ನಾನು ಕೂತ ಕಿಟಕಿಯ ಪಕ್ಕಕ್ಕೆ ಬಂದು ಜೊತೆಜೊತೆಗೇ ನಾಲ್ಕು ಹೆಜ್ಜೆ ನಡೆದ.

"ಕಾಗ್ದ ಬರಿ" ಅಂದ.

"ಬರೀತೀನಣ್ಣ."

"ಇನ್ನಾದ್ರೂ ಇದ್ದದ್ದು ಇದ್ದಂಗೆ ಬರಿಯೋ."

ಪ್ಲಾಟ್‌ಫಾರಂ ಮುಗಿಯಿತು. ಅವನು ನಿಂತ. ನಾನು ತಲೆ ಹೊರಗೆ ಹಾಕಿ ನೋಡುತ್ತಲೇ ಇದ್ದೆ. ಹಳಿ ತಿರುಗುವವರೆಗೂ ಅವನು ಅಲ್ಲೇ, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದ.