ಕೊಚ್ಚಿ ಬಂದರಿನಲ್ಲಿ ನಾನು ಆಡಿದ ಮಾತು

ಗಿರಿಜಾ, ನಿನ್ನ ಅಣ್ಣ ನಾಲ್ಕು ವರ್ಷದಿಂದ ನಿನ್ನ ಮುಖ ನೋಡದೆ ಇರುವುದಕ್ಕೆ ಕಾರಣ ನಾನು. ನಿನ್ನ ಅಪ್ಪ ತೀರಿಕೊಂಡ ದಿನ ಅವನು ನಿನಗೆ ಎರಡು ಸಲ ಫೋನ್ ಮಾಡಿದ್ದ. ಎರಡು ಸಲವೂ ಎತ್ತಿದ್ದು ನಾನು. ನಿನಗೆ ಕೊಡಲಿಲ್ಲ.

ಎದುರಿಗೆ ಕೂತು ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಇಪ್ಪತ್ತು ವರ್ಷ ಬಣ್ಣದ ಅಂಗಡಿಯಲ್ಲಿ ನಿಂತು ಗಿರಾಕಿಗಳನ್ನು ಸಂಭಾಳಿಸಿದ ಬಾಯಿ ಇದು — ಕೊನೆ ಗಳಿಗೆಯಲ್ಲಿ ಮಾತು ಬದಲಿಸಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಣ್ಣದ ಕಂಪನಿಯವರು ಡೀಲರುಗಳನ್ನೆಲ್ಲ ಹೆಂಡತಿಯರ ಸಮೇತ ಮುಂಬೈಯಲ್ಲಿ ಹಡಗು ಹತ್ತಿಸಿದ್ದರಲ್ಲ, ನಾಲ್ಕು ವರ್ಷದ ಹಿಂದಿನ ಆ ಪ್ರವಾಸ. ಕೊಚ್ಚಿಯಲ್ಲಿ ಹಡಗು ಒಂದು ಹಗಲು ನಿಂತಿತು. ಬೆಳಗ್ಗೆ ತಿಂಡಿ ಆಗುತ್ತಲೇ ಎಲ್ಲರೂ ಊರು ನೋಡಲು ಬಸ್ಸು ಹತ್ತಿದರು. "ನಾವ್ ಓಗೋದ್ ಬ್ಯಾಡ ಕಣ್ರೀ. ಜನ ಇಲ್ದಾಗ ಇಲ್ಲೇ ಆರಾಮಾಗಿರಾನ" ಎಂದೆ ನೀನು. ನನಗೂ ಅದೇ ಬೇಕಿತ್ತು.

ಅಲ್ಲಿಯವರೆಗೆ ಮೇಲಿನ ಡೆಕ್ಕಿನಲ್ಲಿ ಒಂದು ಕುರ್ಚಿಯೂ ಸಿಕ್ಕಿರಲಿಲ್ಲ. ಬೆಳಗಾಗುವ ಮೊದಲೇ ಯಾರಾದರೂ ಟವೆಲ್ ಹಾಸಿ ಹಿಡಿದಿಟ್ಟಿರುತ್ತಿದ್ದರು. ಆವತ್ತು ಎಲ್ಲವೂ ಖಾಲಿ. ನೀನು ಚೂಡಿದಾರವನ್ನು ಮಂಡಿಯವರೆಗೆ ಎತ್ತಿಕೊಂಡು ಈಜುಕೊಳದ ಅಂಚಿನಲ್ಲಿ ಕೂತೆ. ಕಾವಲಿನವನು ಬಂದು ಈಜುವ ಬಟ್ಟೆಯಿಲ್ಲದೆ ನೀರಿಗೆ ಇಳಿಯುವ ಹಾಗಿಲ್ಲ ಎಂದು ಸನ್ನೆ ಮಾಡಿದ. "ಕಾಲಿಗೂ ಬೇರೆ ಬಟ್ಟೆ ಬೇಕಾ ಸಾ?" ಎಂದು ನೀನು ಕನ್ನಡದಲ್ಲೇ ಕೇಳಿದೆ. ಅವನಿಗೆ ಏನು ಅರ್ಥವಾಯಿತೋ, ನಕ್ಕು ಹೊರಟುಹೋದ. ಒದ್ದೆಯಾದೀತೆಂದು ನಿನ್ನ ಫೋನನ್ನು ನನ್ನ ಕೈಗೆ ಕೊಟ್ಟಿದ್ದೆ. ದಡಕ್ಕೆ ಬಂದ ಮೇಲೆ ಸಿಗ್ನಲ್ ಬಂದಿತ್ತು.

ಹನ್ನೊಂದು ಗಂಟೆಯಿರಬೇಕು. ನಿನ್ನ ಅಣ್ಣನ ಹೆಸರು ಕಂಡಿತು.

"ಬಾವ, ಅಪ್ಪಂಗೆ ಇನ್ನಾಗಲ್ಲ ಅಂದ್ಬುಟ್ರು. ಆಸ್ಪತ್ರೆಯಿಂದ ಮನೆಗೆ ಕರ್ಕಬಂದಿವಿ. ಗಿರಿಜನ್ ಜೊತೆ ಒಂದ್ ಮಾತಾಡ್ಬೇಕು ಅಂತಾವ್ರೆ. ಕೊಡಿ ಅವ್ಳಿಗೆ."

ನೀನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಐಸ್‌ಕ್ರೀಮ್ ತಿನ್ನುತ್ತಿದ್ದೆ, ಅವತ್ತಿನದು ಎರಡನೆಯದು.

ನನ್ನ ಕಣ್ಣಿಗೆ ಬಂದದ್ದು ನಿನ್ನ ಅಪ್ಪನ ಸಂಕಟವಲ್ಲ — ನಮ್ಮ ಗೃಹಪ್ರವೇಶ. ನರಸೀಪುರದ ಅರ್ಧ ಪೇಟೆ ನಮ್ಮ ಹಜಾರದಲ್ಲಿತ್ತು. ಆ ಮನುಷ್ಯ ನಿನ್ನ ತವರೂರು ಹೆಡತಲೆಯಿಂದ ಬಂದವರು ಗೋಡೆಯನ್ನು ಒಂದು ಸುತ್ತು ನೋಡಿ, "ಅಂಗ್ಡೀಲಿ ಮಿಕ್ಕಿದ್ ಡಬ್ಬ ಎಲ್ಲಾ ತಂದ್ ಬಳ್ದವ್ನೆ ನಮ್ಮಳಿಯ" ಎಂದರು. ಜನ ನಕ್ಕರು. ಅವರು ಊಟ ಮಾಡದೆ ಹೊರಟುಹೋದರು. ಅವರು ಹೇಳಿದ್ದು ನಿಜವಾಗಿತ್ತು, ಅದೇ ಚುಚ್ಚಿದ್ದು. ಗಿರಾಕಿಗಳು ಬಣ್ಣ ಕಲಸಿಸಿಕೊಂಡು ಬೇಡವೆಂದು ಬಿಟ್ಟುಹೋದ ಡಬ್ಬಗಳನ್ನೇ ನಾನು ಗೋಡೆಗೆ ಹೊಡೆಸಿದ್ದೆ. ಅಪ್ಪನ ಜೊತೆ ಮಾತಾಡಕೂಡದೆಂದು ನಿನಗೆ ಆಣೆ ಹಾಕಿಸಿದ್ದೂ ಅದರ ಮಾರನೆಯ ದಿನವೇ. ನೀನು ಒಂದು ವರ್ಷ ಆ ಆಣೆ ನಡೆಸಿದೆ. ಹಬ್ಬ ಬಂದಾಗ ಅಡುಗೆಮನೆಯಲ್ಲಿ ಅಳುತ್ತಿದ್ದದ್ದು ನನಗೆ ಗೊತ್ತಿತ್ತು.

ಆವತ್ತು ಫೋನಿನಲ್ಲಿ ನಾನು ಹೇಳಿದ್ದು ಇಷ್ಟು: "ಅವಳು ಮಾತಾಡಲ್ಲ ಅಂತಾವ್ಳೆ, ಮಾದೇವಸ್ವಾಮಿ. ಬಲವಂತ ಮಾಡಬೇಡಿ."

ಹತ್ತು ನಿಮಿಷಕ್ಕೆ ಮತ್ತೆ ಮಾಡಿದ. "ಕಾಲ್ ಕಟ್ಕೋತೀನಿ ಬಾವ. ಒಂದ್ಸಲ ಅಪ್ಪಾ ಅನ್ಲಿ, ಸಾಕು." ಆಗಲ್ಲ ಅಂದೆನಲ್ಲ ಎಂದು ಗದರಿ ಇಟ್ಟೆ. ಕರೆಗಳ ಗುರುತು ಅಳಿಸಿದೆ. ಇಬ್ಬರ ಫೋನನ್ನೂ ಆರಿಸಿ, ಬ್ಯಾಟರಿ ಮುಗೀತು ಅಂದೆ.

ಆಮೇಲೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ನನಗೆ ಹಾಯೆನ್ನಿಸಿತು. ನಿನ್ನ ಪಕ್ಕ ಕಾಲು ಚಾಚಿಕೊಂಡು ಮಲಗಿದೆ. ಎದುರಿಗೆ ಕ್ರೇನುಗಳು ಕಂಟೇನರುಗಳನ್ನು ಎತ್ತಿ ಇಳಿಸುತ್ತಿದ್ದವು. ಮಧ್ಯಾಹ್ನ ಮೊಸರನ್ನ ಎರಡು ಸಲ ಹಾಕಿಸಿಕೊಂಡೆ, ಒಂದು ನಿದ್ದೆಯನ್ನೂ ಮಾಡಿದೆ. ಸಾಯುವ ಮನುಷ್ಯನಿಗೆ ಕೊನೆಗೂ ಬುದ್ಧಿ ಕಲಿಸಿದೆ ಎಂಬ ಬಿಗುಮಾನದಲ್ಲಿದ್ದೆ. ನೀನು ಹೊರಟಿದ್ದರೆ ಊರು ಮುಟ್ಟುತ್ತಿದ್ದೆಯೋ ಇಲ್ಲವೋ, ನಿನ್ನ ದನಿಯಂತೂ ಮುಟ್ಟುತ್ತಿತ್ತು. ಸಂಜೆ ಆರಕ್ಕೆ ಹಡಗು ಬಿಟ್ಟಿತು.

ಮುಂಬೈಯಲ್ಲಿ ಇಳಿದು ಫೋನ್ ಆನ್ ಮಾಡಿ, ಪೇಟೆಯವರ ಮೆಸೇಜು ನೋಡಿ, ಮೊದಲು ಏನೂ ಗೊತ್ತಿಲ್ಲದವನಂತೆ ಸಾವಿನ ಸುದ್ದಿ ಹೇಳಿದೆ. ಅಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆಡತಲೆಯಲ್ಲಿ ನಿನ್ನ ಅಣ್ಣ ಬಾಗಿಲಿಗೆ ಅಡ್ಡ ನಿಂತು, "ಈಗ್ಯಾಕ್ ಬಂದೆ? ಅಪ್ಪನ್ ಮಾತೇ ಬೇಡ್ವಾಗಿತ್ತಲ್ಲ ನಿಂಗೆ" ಎಂದ. ನೀನು ಒಂದು ವರ್ಷದ ಮುನಿಸಿಗೆ ಆಡಿದನೆಂದುಕೊಂಡೆ. "ನಂಗೊಂದ್ ಸುದ್ದಿ ಕೊಡ್ದೋನು ನೀನ್ ಯಾವ್ ಅಣ್ಣ?" ಎಂದು ಕಿರುಚಿದೆ. ಇನ್ನೊಂದು ಮಾತು ಬೆಳೆದಿದ್ದರೆ ಎಲ್ಲ ಹೊರಬರುತ್ತಿತ್ತು. ನಾನು ನಿನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕಾರಿಗೆ ಹತ್ತಿಸಿದೆ. ಅಲ್ಲಿಂದೀಚೆಗೆ ಗೌರಿ ಹಬ್ಬಕ್ಕೆ ನಿನಗೆ ತವರಿನ ಬಾಗಿನ ಬಂದಿಲ್ಲ.

ಹೋದ ತಿಂಗಳು ನಂಜನಗೂಡಿನ ಮದುವೆಯಲ್ಲಿ ಅವನು ಕೂತಿದ್ದ ಪಂಕ್ತಿಯಲ್ಲೇ ನಮಗೂ ಎಲೆ ಹಾಕಿದರು. ನಿನ್ನನ್ನು ಕಂಡು ಅವನು ಬಡಿಸಿದ ಎಲೆ ಬಿಟ್ಟು ಎದ್ದುಹೋದ. ಮನೆಗೆ ಬಂದವಳು ತವರಿನ ಸೀರೆಗಳನ್ನೆಲ್ಲ ಗಂಟು ಕಟ್ಟಿ ಹಿತ್ತಲಿಗೆ ಎಸೆದೆ. "ಇನ್ಮೇಲೆ ಅವ್ನು ಸತ್ರೂ ಓಗಲ್ಲ" ಎಂದೆ. ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ನಾನು ಒಂದು ದಿನ ನಿನ್ನ ಬಾಯಿಗೆ ಹಾಕಿದ ಸುಳ್ಳನ್ನು ಈಗ ನೀನೇ ಆಡುತ್ತಿದ್ದೆ.

ಇವತ್ತು ಬೆಳಗ್ಗೆ ಹೆಡತಲೆಗೆ ಹೋಗಿ ಮಾದೇವಸ್ವಾಮಿಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ಜಗಲಿ ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ ಹೇಳಿದ: "ಅಪ್ಪಂಗೆ ನಾನ್ ನೀವೇಳಿದ್ದ ಏಳ್ಲಿಲ್ಲ ಬಾವ. ಮಗಳು ಒಲ್ಲೆ ಅಂದ್ಲು ಅಂತ ಎಂಗ್ ಏಳಾನ? ಆಗ್ಲೇ ಒಂಟವ್ಳೆ, ಬತ್ತಾವ್ಳೆ ಅಂದ್ಬುಟ್ಟೆ. ಮಂಚ ಬಾಗ್ಲ ಕಡೀಕ್ ತಿರುಗ್ಸು ಅಂದ್ರು. ನಾಕ್ ಗಂಟೆವರ್ಗೂ ಬಾಗ್ಲೇ ನೋಡ್ತಿದ್ರು."

ಆ ನಾಲ್ಕು ಗಂಟೆ ನನಗೆ ನೆನಪಿದೆ. ನಿನಗೂ ನೆನಪಿರುತ್ತದೆ. ಡೆಕ್ಕಿನ ಮೇಲೆ ಚಹಾ ಕುಡಿಯುತ್ತಿದ್ದೆವು. "ಆಣೆ ಗೀಣೆ ಬಿಟ್ಟಾಕಿ. ಊರಿಗೋದ್ ಮ್ಯಾಕೆ ಅಪ್ಪನ್ನ ಮಾತಾಡ್ಸ್ಕಬತ್ತೀನಿ, ಇಂಗೊಂದ್ ಅಡಗ್ ನೋಡ್ದೆ ಅಂತ ಏಳ್ಬೇಕು" ಎಂದೆ ನೀನು. ನಾನು ಆಗಲಿ ಎಂದೆ.

ನಿನ್ನ ಅಪ್ಪನ ಮೇಲಿನ ಸಿಟ್ಟು ನನಗೆ ಈಗಲೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ನನ್ನ ಗೋಡೆಗೆ ಅಂದರು. ನಾನು ಮಾಡಿದ್ದು ನಿನಗೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಮಾದೇವಸ್ವಾಮಿ ಸಂಜೆಯ ಬಸ್ಸಿಗೆ ಬರುತ್ತಾನೆ. ಬಾಗಿಲು ತೆಗೆ. ನಾನು ಅಂಗಡಿಯಲ್ಲೇ ಇರುತ್ತೇನೆ. ನೀನು ಕರೆಯುವವರೆಗೆ ಮನೆಗೆ ಬರುವುದಿಲ್ಲ.