ಜೀರಿಗೆ ನೀರಿನ ಟೇಪು

ಡಾಕ್ಟರಮ್ಮನ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿತ್ತು. ರಿಮೋಟ್ ಒತ್ತಿ ಒತ್ತಿ ಹಾಗಾಗಿದೆ ಎಂದು ನಾನು ಆಡಿಕೊಳ್ಳುತ್ತಿದ್ದೆ. ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಮೈಸೂರಿನಿಂದ ಕಲೋನ್ ನಗರಕ್ಕೆ ಬಂದ ಎರಡನೇ ವರ್ಷ, ಮೂವತ್ತೊಂಬತ್ತಕ್ಕೇ ನನಗೆ ಹಾರ್ಟ್ ಅಟ್ಯಾಕ್ ಆಯಿತು. ಚೇತರಿಸಿಕೊಳ್ಳಲು ಕಳಿಸಿದ ರೇಹಾ ಕ್ಲಿನಿಕ್ಕಿನಲ್ಲಿ ಸಿಕ್ಕವರು ಈಕೆ. ಧಾರವಾಡದವರು, ಜರ್ಮನಿಗೆ ಬಂದು ಮೂವತ್ತು ವರ್ಷವಾದವರು. ಕನ್ನಡದವರು ಸಿಕ್ಕರೆಂದು ಹಿಗ್ಗಿದ್ದು ನನ್ನ ಮೊದಲ ತಪ್ಪು.

ದಿನವೂ ರೋಗಿಗಳನ್ನು ಟಿವಿ ಮುಂದೆ ಕೂರಿಸಿ ವಿಡಿಯೋ ಹಾಕುತ್ತಿದ್ದರು. ಮಾತ್ರೆ, ನಡಿಗೆ, ಉಪ್ಪು, ಎದೆನೋವು ಬಂದರೆ ಏನು ಮಾಡಬೇಕು, ಎಲ್ಲ ಅದರಲ್ಲಿತ್ತು. ಅರ್ಧಕ್ಕೆ ನಿಲ್ಲಿಸಿ ಮಕ್ಕಳಿಗೆ ಕೇಳುವ ಹಾಗೆ ಪ್ರಶ್ನೆ ಬೇರೆ. ವಿಡಿಯೋದಲ್ಲಿ ಎದೆ ಹಿಡಿದುಕೊಂಡು ಆಂಬುಲೆನ್ಸಿಗೆ ಫೋನ್ ಮಾಡುವ ಜರ್ಮನ್ ಮುದುಕನಿಗೂ ನನಗೂ ಏನು ಸಂಬಂಧವೆಂದು ನಾನು ತೂಕಡಿಸುತ್ತಿದ್ದೆ. ಒಂದು ದಿನ ನನ್ನ ಮುಖಕ್ಕೇ ಕ್ಯಾಮೆರಾ ಹಿಡಿದರು.

“ಖರೇ ಹೇಳ್ರಿ, ನಾಳೆ ಎದ್ಯಾಗ ನೋವು ಬಂದ್ರ ಮೊದಲ ಏನ್ ಮಾಡ್ತೀರಿ?”

“ಗ್ಯಾಸೇ ಇರತ್ತೆ ಮೇಡಂ. ಜೀರಿಗೆ ನೀರು ಕುಡ್ದು ಒಂದರ್ಧ ಗಂಟೆ ಮಲಗ್ತೀನಿ.”

“ಹಂಗ ಮಲಗಿದವ್ರು ಏಳಂಗಿಲ್ಲ,” ಎಂದು ಕ್ಯಾಮೆರಾ ಆಫ್ ಮಾಡಿದರು.

ಯುಗಾದಿಗೆ ಊರಿನ ಕನ್ನಡಿಗರೆಲ್ಲ ಸೇರಿದಾಗ, ನನ್ನನ್ನು ಒಂದು ಮಾತೂ ಕೇಳದೆ, ಆ ಟೇಪನ್ನು ಎಲ್ಲರೆದುರು ಹಾಕಿದರು. ಜನ ಬಿದ್ದು ಬಿದ್ದು ನಕ್ಕರು. ನನ್ನ ಒಂಬತ್ತು ವರ್ಷದ ಮಗಳು ತಲೆ ತಗ್ಗಿಸಿದಳು. ರೋಗಿಯ ಮಾನ ಕಳೆಯುವವರು ಎಂಥ ಡಾಕ್ಟರು? ಅಂದಿನಿಂದ ಆಕೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಎದುರು ಬಂದರೆ ರಸ್ತೆ ದಾಟಿಬಿಡುತ್ತಿದ್ದೆ. ಆ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ.

ಮರುವರ್ಷ ಒಂದು ಭಾನುವಾರ ಬಿಸಿಬೇಳೆಬಾತ್ ಉಂಡೆದ್ದವನಿಗೆ ಎದೆ ಹಿಂಡಿತು. “ಗ್ಯಾಸು ಕಣೇ” ಎಂದೆ. ಹೆಂಡತಿ ಜೀರಿಗೆ ಹಾಕಿ ನೀರಿಟ್ಟಳು. ಮಗಳು ಬಂದು ಒಲೆ ಆರಿಸಿದಳು. “ನೈನ್, ಪಪ್ಪಾ, ಬೇಡ” ಎಂದಳು. ಯುಗಾದಿಯ ಆ ವಿಡಿಯೋದಲ್ಲಿ ನೀನು ಹೇಳಿದ್ದನ್ನೇ ಮಾಡುತ್ತಿದ್ದೀಯ ಎಂದು ಜರ್ಮನ್‌ನಲ್ಲಿ ಬೈಯುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದಳು. ಅರ್ಧ ಗಂಟೆ ಮಲಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯವರು.

ಮೂರನೇ ದಿನ ಡಾಕ್ಟರಮ್ಮ ಕ್ಯಾಮೆರಾ ಸಮೇತ ವಾರ್ಡಿಗೆ ಬಂದರು.

“ಈಗ ಉಳಿದದ್ದು ಹೇಳಿಬಿಡ್ರಿ. ಅರ್ಧಾ ಟೇಪ್ ನೋಡಿ ಮಂದಿ ಬರೇ ನಗ್ತಾರ.”

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ಜಾರಿದ್ದ ನನ್ನ ಹೊದಿಕೆ ಸರಿಮಾಡಿ ಹೊರಟುಹೋದರು.

ಆ ಚಳಿಗಾಲದಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಕ್ಲಿನಿಕ್ಕಿನವರು ಟೇಪನ್ನು ನನಗೇ ಕಳಿಸಿಕೊಟ್ಟರು. ಅದರಲ್ಲಿ ನಾನಿನ್ನೂ ಜೀರಿಗೆ ನೀರು ಕುಡಿದು ಮಲಗುತ್ತೇನೆ ಎನ್ನುತ್ತಿದ್ದೇನೆ. ಮುಂದೆ ಖಾಲಿ. ಮಲಗಲಿಲ್ಲ, ಅದಕ್ಕೇ ಬದುಕಿದೆ ಎಂದು ಅಲ್ಲಿ ಹೇಳಬೇಕಾಗಿತ್ತು. ಕೇಳಲು ಬಂದವರಿಗೆ ನಾನು ಬೆನ್ನು ತೋರಿಸಿದೆ.