ಪಾಯದಲ್ಲಿ ಸಿಕ್ಕ ಕೊಂಬು

ಪಾಯಕ್ಕೆ ಗುರುತು ಹಾಕುವ ಮೊದಲು ಹಟ್ಟಿಯವರನ್ನು ಒಂದು ಮಾತೂ ಕೇಳದ ಇಂಜಿನಿಯರ್ ಮೇಲೆ ಮೇಸ್ತ್ರಿ ಪರಮೇಶನ ಸಿಟ್ಟು ಇಂದಿಗೂ ಆರಿಲ್ಲ. ಗೌಡಗೆರೆ ಕಡೆಯ ಗೊಲ್ಲರಹಟ್ಟಿಯಲ್ಲಿ ಸಮುದಾಯ ಭವನಕ್ಕೆ ಪಾಯ ತೋಡಿಸುವಾಗ ಮಣ್ಣಿನಡಿ ಎರಡು ಕೊಂಬು ಸಿಕ್ಕವು.

“ಯಾವ್ದೋ ಸತ್ತ ದನ, ಆಚೆಗೆ ಎಸೀರ್ಲಾ!” ಎಂದು ಪರಮೇಶ ಆಳುಗಳಿಗೆ ಗದರಿ, ತಾನೇ ಒಂದನ್ನು ಒದ್ದ.

ಹಟ್ಟಿಯ ಹಿರಿಯ ಕ್ಯಾತಪ್ಪ ಓಡಿಬಂದು ತಡೆದ. “ಅದು ನಮ್ ದೇವ್ರೆತ್ತು ಕಣಪ್ಪ. ಹಟ್ಟಿಯೆಲ್ಲಾ ಸೇರಿ ಮಣ್ಣು ಮಾಡಿದ್ವು. ಇಲ್ಲಿ ನಾವು ಚಪ್ಲೀನೇ ಮೆಟ್ಟಾಕಿಲ್ಲ, ನೀನು ಒದ್ಬುಟ್ಟೆ!”

ಪರಮೇಶ ಚಪ್ಪಲಿ ಕಳಚಿ, ಕೊಂಬುಗಳನ್ನು ಇದ್ದಲ್ಲೇ ಇಟ್ಟು ಕೈಯಲ್ಲೇ ಮಣ್ಣು ಮುಚ್ಚಿದ.

“ತಪ್ಪುಕಾಣಿಕೆ ಏನು ಕಟ್ಲಿ, ಯಜಮಾನ್ರೇ?”

“ನಾನೊಬ್ನೇ ಹೇಳಾಕಾಗಲ್ಲ. ಹಟ್ಟಿ ಪಂಚಾಯ್ತಿ ಕೂತು ಹೇಳ್ಬೇಕು.”

ಎರಡು ವರ್ಷದಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಪರಮೇಶ ಕಾಣಿಕೆ ಏನೆಂದು ಕೇಳುತ್ತಾನೆ. ಹಟ್ಟಿ ಇನ್ನೂ ಕೂತಿಲ್ಲ.